ಅಣ್ಣ ಕರೆಯಲು ಬರುವ ಮೊದಲೇ ಬಸ್ಸು ಹತ್ತಿದ ಪಂಚಮಿ

ಮೊನ್ನೆ ಕುಪ್ಪಸದ ಖಣ ತರಲು ರಾಯಚೂರಿಗೆ ಹೋಗಿದ್ದೆ. ಬಜಾರಿನ ಸಂದಿಯೊಂದರಲ್ಲಿ ಯಾರೋ ಜೋಳದ ಅಳ್ಳು ಹುರಿಯುತ್ತಿದ್ದರು. ಬಿಸಿ ಉಸುಕಿನಲ್ಲಿ ಜೋಳ ಸಿಡಿಯುವಾಗಿನ ಆ ವಾಸನೆ ಮೂಗಿಗೆ ಬಿದ್ದ ಕೂಡಲೇ ಪಂಚಮಿ ಹತ್ತಿರ ಬಂತೆಂದು ಗೊತ್ತಾಯಿತು. ನಮ್ಮ ಕಡೆ ಇದಕ್ಕೆ ಕ್ಯಾಲೆಂಡರು ಬೇಕಿಲ್ಲ, ಮೂಗಿದ್ದರೆ ಸಾಕು. ಅಂಗಡಿಯವನು ನಾನು ಆರಿಸಿದ ಖಣ ಮಡಚಿ ಗಂಟು ಕಟ್ಟುವಷ್ಟರಲ್ಲಿ ನನ್ನ ಮನಸ್ಸು ಬೇರೊಂದು ಪಂಚಮಿಗೆ ಹೋಗಿ ಕೂತಿತ್ತು. ಸರ್ಕಾರ ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ ವರ್ಷದ ಪಂಚಮಿ ಅದು.

ನಾನು ಮಾನ್ವಿಗೆ ಮದುವೆಯಾಗಿ ಬಂದವಳು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಖಣ, ಫಾಲು, ಲೈನಿಂಗ್ ಬಟ್ಟೆ ಮಾರುತ್ತೇನೆ. ತವರು ದೇವದುರ್ಗ ತಾಲ್ಲೂಕಿನ ಜಾಲಹಳ್ಳಿ ಹತ್ತಿರದ ಒಂದು ದೊಡ್ಡಿ. ಕುರಿ ಕೂಡಿಹಾಕುತ್ತಿದ್ದ ಜಾಗದಲ್ಲಿ ನಾಲ್ಕು ಮನೆ ಎದ್ದು, ಆಮೇಲೆ ಊರಾದದ್ದು. ಅಪ್ಪ ಕುರಿ ಕಾಯ್ದ. ಅಣ್ಣ ಬೀರಪ್ಪನಿಗೆ ಕುರಿಯ ಹಿಂದೆ ನಡೆಯುವುದು ಬೇಸರ, ಚಕ್ರದ ಮೇಲೆ ಕೂರುವುದು ಇಷ್ಟ. ಕುರಿ ಮಾರಿ ಹಳೆಯ ಟ್ರ್ಯಾಕ್ಸ್ ಗಾಡಿ ತಂದ. ಜಾಲಹಳ್ಳಿಗೂ ದೇವದುರ್ಗಕ್ಕೂ ಮಂದಿಯನ್ನು ಹೊತ್ತು ಓಡಾಡಿಸುವುದು ಅವನ ಕೆಲಸ. ದೊಡ್ಡಿಯಲ್ಲಿ ಇದ್ದದ್ದು ಅದೊಂದೇ ಗಾಡಿ. ಹೆರಿಗೆಗೂ ಅದೇ, ಹೆಣ್ಣು ನೋಡಲಿಕ್ಕೂ ಅದೇ.

ಕಾಯಿದೆ ಕೇಳಿದರೆ ಅವನು ಮಾಡುತ್ತಿದ್ದದ್ದು ಅಷ್ಟು ಸರಿಯಲ್ಲ. ಅವನ ಪರ್ಮಿಟ್ಟು ಇಡೀ ಗಾಡಿಯನ್ನು ಬಾಡಿಗೆಗೆ ಕೊಡುವುದಕ್ಕೆ ಮಾತ್ರ. ದಾರಿಯಲ್ಲಿ ಕೈ ತೋರಿಸಿದವರನ್ನೆಲ್ಲ ಹತ್ತಿಸಿಕೊಳ್ಳುವಂತಿರಲಿಲ್ಲ. ಎಲ್ಲರೂ ಹತ್ತಿಸಿಕೊಳ್ಳುತ್ತಿದ್ದರು, ಇವನೂ ಹತ್ತಿಸಿಕೊಳ್ಳುತ್ತಿದ್ದ. ಪಂಚಮಿ ಬಂತೆಂದರೆ ಮಾತ್ರ ಎದೆ ಎತ್ತಿ ತಿರುಗುತ್ತಿದ್ದ. ನಮ್ಮಲ್ಲಿ ಪಂಚಮಿಗೆ ಹೆಣ್ಣುಮಕ್ಕಳು ತಾವಾಗಿ ತವರಿಗೆ ಹೋಗುವುದಿಲ್ಲ. ಅಣ್ಣನೋ ತಮ್ಮನೋ ಬಂದು, ಅತ್ತೆಯ ಮುಂದೆ ಕೂತು, ಕಳಿಸಿಕೊಡಿ ಎಂದು ಕೇಳಿ ಕರೆದುಕೊಂಡು ಹೋಗಬೇಕು. ಹಾಗಾಗಿ ಹಬ್ಬದ ಹಿಂದಿನ ವಾರ ಸುತ್ತಲ ಊರುಗಳ ಅಣ್ಣತಮ್ಮಂದಿರೆಲ್ಲ ಟ್ರ್ಯಾಕ್ಸ್ ಹಿಡಿಯಲು ಬರುತ್ತಿದ್ದರು. ಇಡೀ ಗಾಡಿ ಬಾಡಿಗೆ, ಕಾಯಿದೆಯ ಪ್ರಕಾರ ಬಾಡಿಗೆ. ವರ್ಷದ ವಿಮೆಗೂ ಎಫ್‌ಸಿಗೂ ಆ ವಾರದ ದುಡಿಮೆಯೇ ಆಧಾರ. ಎಫ್‌ಸಿ ಎಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯವಾಗಿದೆ ಎಂದು ಸಾರಿಗೆ ಕಚೇರಿ ಕೊಡುವ ಚೀಟಿ. ಅದಿಲ್ಲದಿದ್ದರೆ ಗಾಡಿ ದೊಡ್ಡಿಯ ಬೇವಿನ ಮರದ ಕೆಳಗೆ ನಿಂತೇ ಇರಬೇಕು.

ಊರವರ ಅಕ್ಕತಂಗಿಯರನ್ನೆಲ್ಲ ಅವರವರ ತವರಿಗೆ ಮುಟ್ಟಿಸಿದ ಮೇಲೆ ಅಣ್ಣನಿಗೆ ತನ್ನ ತಂಗಿಯ ನೆನಪಾಗುತ್ತಿತ್ತು. ಪ್ರತಿ ವರ್ಷವೂ ನನ್ನದು ಕಡೆಯ ಟ್ರಿಪ್ಪು. ನಾನು ಬೆಳಗಿನಿಂದ ಜಡೆ ಹಾಕಿಕೊಂಡು, ಬ್ಯಾಗು ತುಂಬಿಕೊಂಡು ಹೊಸ್ತಿಲಲ್ಲಿ ಕಾಯುವುದು, ಅತ್ತೆ "ನಿಮ್ಮಣ್ಣ ಇನ್ನೂ ಊರ ಮಂದೀಗೆ ಅಣ್ಣ ಆಗ್ಯಾನ ಬಿಡು" ಎಂದು ಕುಟುಕುವುದು ನಡೆದೇ ಇತ್ತು. ಸಂಜೆ ಹೊತ್ತಿಗೆ ಬೆವರಿನಲ್ಲಿ ನೆಂದು ಬರುತ್ತಿದ್ದ. ನೀರು ಕುಡಿದು, ಚಾಪೆಯ ತುದಿಯಲ್ಲಿ ಕೂತು, "ತಂಗೀನ ಕರಿಯಾಕ ಬಂದೀನ್ರೀ ಯವ್ವಾ, ಕಳಸ್ರಿ" ಎನ್ನುತ್ತಿದ್ದ. ಆ ಮಾತು ಕೇಳಿದ ಮೇಲೆ ನನ್ನ ಸಿಟ್ಟು ಉಳಿಯುತ್ತಿರಲಿಲ್ಲ. ಉಳಿಯಬೇಕಿತ್ತು ಎಂದು ದಾರಿಯುದ್ದಕ್ಕೂ ನನ್ನ ಮೇಲೇ ಸಿಟ್ಟು ಮಾಡಿಕೊಳ್ಳುತ್ತಿದ್ದೆ.

ಬಸ್ಸು ಪುಕ್ಕಟೆಯಾಗುವ ಹಿಂದಿನ ವರ್ಷ ದೊಡ್ಡಿಗೆ ಡಾಂಬರು ರಸ್ತೆಯಾಗಿತ್ತು. ಅದಕ್ಕಾಗಿ ಪಂಚಾಯ್ತಿಯಿಂದ ದೇವದುರ್ಗದ ಕಚೇರಿಗಳವರೆಗೆ ಚಪ್ಪಲಿ ಸವೆಸಿದವನು ಅಣ್ಣನೇ. ಎರೆ ಮಣ್ಣಿನ ದಾರಿಯಲ್ಲಿ ಮಳೆಗಾಲಕ್ಕೆ ಅವನ ಗಾಡಿ ಹುಗಿದುಕೊಳ್ಳುತ್ತಿತ್ತು, ಅದಕ್ಕೆ ಅಷ್ಟೊಂದು ಉತ್ಸಾಹ. ರಸ್ತೆಯಾಯಿತು. ಮರು ವರ್ಷ ಪುಕ್ಕಟೆ ಬಸ್ಸಿನ ಕಾಯಿದೆಯಾಯಿತು. ದೊಡ್ಡಿಯ ಹೆಂಗಸರು ಸೇರಿ ಅರ್ಜಿ ಕೊಟ್ಟರು, ಅದೇ ರಸ್ತೆಯ ಮೇಲೆ ಸರ್ಕಾರಿ ಬಸ್ಸು ಬಂದು ಅದೇ ಬೇವಿನ ಮರದ ಕೆಳಗೆ ತಿರುಗಿಕೊಂಡು ನಿಂತಿತು.

ಆ ಮೊದಲ ವಾರಗಳ ಮಜಾ ಅವ್ವ ಫೋನಿನಲ್ಲಿ ಹೇಳಿ ಹೇಳಿ ನಗಿಸುತ್ತಿದ್ದಳು. ದೊಡ್ಡಿಯ ಹೆಂಗಸರಿಗೆ ಗೊತ್ತಿದ್ದದ್ದು ಅಣ್ಣನ ಗಾಡಿಯ ರೀತಿ. ಅವನು ಹಾರ್ನ್ ಹೊಡೆದರೆ ಒಲೆಯ ಮುಂದಿನಿಂದಲೇ "ತಡಿಯೋ ಬೀರಪ್ಪಾ, ಒಂದ ರೊಟ್ಟಿ ಉಳದದ" ಎಂದು ಕೂಗಿದರೆ ಸಾಕು, ತಡೆಯುತ್ತಿದ್ದ. ಹೇಗೂ ಸೀಟು ತುಂಬುವ ತನಕ ಹೊರಡುವಂತಿರಲಿಲ್ಲ. ಬಸ್ಸಿಗೂ ಹಾಗೇ ಕೂಗಿದರು.

"ಯವ್ವಾ, ಇದು ನಿಮ್ಮ ಮನಿ ಗಾಡಿ ಅಲ್ಲ, ಟೈಮಿಗೆ ಹೋಗ್ತದ" ಎಂದ ಕಂಡಕ್ಟರು.

"ಪುಕ್ಕಟಿ ಅಂದ ಮ್ಯಾಲ ನಮ್ಮ ಮನೀದ ಅಲ್ಲೇನು?" ಎಂದಳಂತೆ ಒಬ್ಬಳು.

ಬಸ್ಸು ಹೊರಟೇಬಿಟ್ಟಿತು. ನಾಲ್ಕೈದು ದಿನ ರೊಟ್ಟಿ ಕೈಯಲ್ಲಿ ಹಿಡಿದು ಅದರ ಹಿಂದೆ ಓಡಿ, ಆಮೇಲೆ ಎಲ್ಲರೂ ಗಡಿಯಾರ ನೋಡುವುದನ್ನು ಕಲಿತರು.

ನನಗಂತೂ ಆ ಕಾಯಿದೆ ಹೇಳಿ ಮಾಡಿಸಿದಂತೆ ಬಂತು. ಅದಕ್ಕೆ ಮೊದಲು ರಾಯಚೂರಿನ ಸಗಟು ಅಂಗಡಿಯ ಮನುಷ್ಯನೊಬ್ಬ ಮಾನ್ವಿಗೆ ಗಂಟು ಹೊತ್ತು ಬರುತ್ತಿದ್ದ. ಅವನು ತಂದದ್ದೇ ಬಣ್ಣ, ಅವನು ಹೇಳಿದ್ದೇ ದರ. ರಾಯಚೂರಿನಲ್ಲಿ ಯಾರೂ ಕೇಳದ ಬಣ್ಣಗಳೆಲ್ಲ ನನ್ನ ಕಪಾಟಿನಲ್ಲಿ ಕೂತಿರುತ್ತಿದ್ದವು. ಈಗ ಆಧಾರ್ ಕಾರ್ಡು ತೋರಿಸಿ, ಸೊನ್ನೆ ಎಂದು ಬರೆದ ಟಿಕೆಟ್ ಹಿಡಿದು, ವಾರಕ್ಕೊಮ್ಮೆ ನಾನೇ ಹೋಗತೊಡಗಿದೆ. ಗಂಟಿಗೆ ಮಾತ್ರ ಲಗೇಜು ಟಿಕೆಟ್. ಬಿಸಿಲಿಗೆ ಬಟ್ಟೆ ಹಿಡಿದು ನೋಡಿ, ಬೇಡವಾದದ್ದನ್ನು ಬೇಡವೆಂದು ಎಸೆದು ಬರುವ ಸುಖ ಏನೆಂದು ಗಂಡಸರಿಗೆ ಹೇಳಿ ತಿಳಿಸಲಾಗದು. ಗಿರಾಕಿ ಹೆಚ್ಚಿದರು. ಬರುವಾಗ ಹೋಗುವಾಗ ಬಸ್ಸಿನಲ್ಲೇ ಅಳತೆ ಕೊಟ್ಟವರೂ ಇದ್ದರು.

ಅತ್ತ ದೇವದುರ್ಗದ ಟ್ರ್ಯಾಕ್ಸ್ ಸ್ಟ್ಯಾಂಡಿನಲ್ಲಿ ಗಾಡಿಗಳು ಬಿಸಿಲಿಗೆ ಕಾಯುತ್ತ ನಿಂತಿದ್ದವು. ಅಲ್ಲಿ ಪಾಳಿ ಎಂಬ ಕಟ್ಟುನಿಟ್ಟು. ಮುಂದಿನ ಗಾಡಿ ತುಂಬಿ ಹೋಗದೆ ಹಿಂದಿನದು ಅಲುಗುವಂತಿಲ್ಲ. ತುಂಬಿಸುತ್ತಿದ್ದವರು ಹೆಂಗಸರು. ಸಂತೆಗೆ, ಆಸ್ಪತ್ರೆಗೆ, ಕಳೆ ಕೀಳುವ ಕೂಲಿಗೆ ಹೋಗುವವರು. ಅವರೆಲ್ಲ ರಸ್ತೆಯ ಆಚೆ ಬಸ್ ಸ್ಟ್ಯಾಂಡಿಗೆ ದಾಟಿದರು.

"ದೇವದುರ್ಗದಾಗ ಪಾಳಿ ಹಚ್ಚಿ ಕುಂತೀನಿ ನೋಡು" ಎಂದ ಅಣ್ಣ ಒಂದು ದಿನ ಫೋನು ಮಾಡಿ. "ಗಂಡಸರು ಒಬ್ಬಿಬ್ರು ಬರ್ತಾರ. ಬಂದು ಕುಂತವ್ರೂ ಹೆಂಡ್ತಿ ಬಸ್ ಹತ್ತಿದ್ಲಂತ ಎದ್ದು ಓಡ್ತಾರ."

"ಮತ್ತ ಏನ್ ಮಾಡ್ತೀ?"

"ನೀನೂ ಬಸ್ಸಿಗೇ ಹೋಗ್ತೀಯೇನು ರಾಯಚೂರಿಗೆ?"

"ಹೂಂ."

"ಹೋಗು" ಎಂದ. ಆಮೇಲೆ ಅವನೇ ಹೇಳಿದ: "ಪಂಚಮಿ ಬರ್ಲಿ. ಪಂಚಮಿಗೆ ಯಾ ಹೆಣ್ಮಗಳೂ ತಾನಾಗಿ ಬಸ್ ಹತ್ತಿ ತವರಿಗೆ ಬರಂಗಿಲ್ಲ. ಎಫ್‌ಸಿ ಮಾಡಿಸಿಬಿಡ್ತೀನಿ. ಆಮ್ಯಾಲ ನೋಡೋಣು."

ಎಫ್‌ಸಿಯ ಗಡುವು ಹಬ್ಬ ಮುಗಿದ ಬೆನ್ನಿಗೇ ಇತ್ತು. ಪಂಚಮಿ ಕೈ ಹಿಡಿದರೆ ಗಾಡಿ ಉಳಿಯುತ್ತದೆ, ಇಲ್ಲದಿದ್ದರೆ ಮಾರಬೇಕು. ಅಣ್ಣನ ಬದುಕು ಆ ಒಂದು ವಾರದ ಮೇಲೆ ನಿಂತಿತ್ತು. ಅದು ನನಗೂ ಗೊತ್ತಿತ್ತು, ದೊಡ್ಡಿಗೂ ಗೊತ್ತಿತ್ತು.

ಶ್ರಾವಣ ಹುಟ್ಟಿತು. ತಡವಾಗಿ ಬಂದ ಮಳೆ ಜಿಟಿಜಿಟಿ ಹಿಡಿದಿತ್ತು, ಮಾನ್ವಿಯ ಓಣಿಗಳಲ್ಲಿ ಕೆಸರು. ನನ್ನ ಅಂಗಡಿಯಲ್ಲಿ ಹಬ್ಬದ ಕುಪ್ಪಸಗಳ ರಾಶಿ. ಮೆಷಿನ್ನು ತುಳಿಯುತ್ತಲೇ ಅಣ್ಣನಿಗೆ ಫೋನು ಹಚ್ಚಿ ಕೇಳಿದೆ, "ಬುಕ್ಕಿಂಗ್ ಅದಾವೇನು?"

"ಅದಾವ ಬಿಡು" ಎಂದ.

ನಾನು ನಂಬಿದೆ. ನಂಬದೇ ಇರಲು ಕಾರಣವಿರಲಿಲ್ಲ. ನಿಜ ಏನೆಂದರೆ ಅಷ್ಟರಲ್ಲಿ ಬುಕ್ಕಿಂಗುಗಳು ಒಂದೊಂದಾಗಿ ಬಿದ್ದುಹೋಗಿದ್ದವು. ಎಲ್ಲ ಊರುಗಳಲ್ಲೂ ಒಂದೇ ಮಾತು ನಡೆದಿತ್ತು. ಅಣ್ಣ ಕರೆಯಲು ಬರುತ್ತೇನೆಂದರೆ ತಂಗಿ, "ನೀ ಯಾಕ ಗಾಡಿ ಮಾಡಿಕೊಂಡು ಬರ್ತೀ, ನಾ ಪುಕ್ಕಟ ಬರ್ತೀನಲ್ಲ" ಎನ್ನುತ್ತಿದ್ದಳು. ತಂಗಿಗೆ ಅಣ್ಣನ ಖರ್ಚು ಉಳಿಸಿದ ಸಮಾಧಾನ. ಅಣ್ಣನಿಗೂ ಒಳಗೊಳಗೆ ಸಮಾಧಾನವೇ. ಹಳೆಯ ಗಿರಾಕಿಗಳೆಲ್ಲ ಬೀರಪ್ಪನಿಗೆ ಬೇಡವೆಂದು ಹೇಳಿ ಕಳಿಸಿದರು.

ಪಂಚಮಿಗೆ ಮುಂಚೆ ಬರುವ ರೊಟ್ಟಿ ಹಬ್ಬದ ಹಿಂದಿನ ದಿನ ನನ್ನ ಹೊಲಿಗೆ ಬೇಗ ಮುಗಿಯಿತು. ಅಣ್ಣ ಊರವರ ಟ್ರಿಪ್ಪಿನಲ್ಲಿ ಮುಳುಗಿರುತ್ತಾನೆ, ಯಥಾಪ್ರಕಾರ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ ಎಂದು ಲೆಕ್ಕ ಹಾಕಿದೆ. ಮಾನ್ವಿಯ ತನಕ ಬರುವ ಬದಲು ಅವನಿಗೆ ಇನ್ನೊಂದು ಬಾಡಿಗೆ ಸಿಕ್ಕರೆ ಎಫ್‌ಸಿಗಾದರೂ ಆದೀತು. ಫೋನು ಹಚ್ಚಿದೆ, ಎತ್ತಲಿಲ್ಲ. ಗಾಡಿ ನಡೆಸುವಾಗ ಅವನು ಫೋನು ಎತ್ತುವುದಿಲ್ಲ. ಬ್ಯಾಗು ಹೆಗಲಿಗೆ ಹಾಕಿ, "ಅಣ್ಣಗ ಹೇಳ್ರಿ, ನಾ ಬಸ್ಸಿಗೆ ಹೋದೆ ಅಂತ" ಎಂದು ಅತ್ತೆಗೆ ಹೇಳಿ ಹೊರಟೆ. ಅತ್ತೆ ಒಂದು ಕ್ಷಣ ನನ್ನ ಮುಖ ನೋಡಿದರು. "ಕರಿಯಾಕ ಬರೂದಕ್ಕ ಮೊದಲ?" ಎಂದರು. ನಾನು ನಕ್ಕೆ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ನನ್ನಂಥವರೇ. ತೊಡೆಯ ಮೇಲೆ ಮಕ್ಕಳು, ಕಾಲ ಕೆಳಗೆ ಉಂಡಿಯ ಡಬ್ಬಿ. ಕಿಟಕಿಯ ಪಕ್ಕದ ಸರಳಿಗೆ ಜೋತುಬಿದ್ದು ನಿಂತಿದ್ದೆ. ಸಿರವಾರ ದಾಟಿ, ಭತ್ತದ ಗದ್ದೆಗಳ ನಡುವೆ ಬಸ್ಸು ನಿಧಾನ ಮಾಡಿದಾಗ ಎದುರಿನಿಂದ ಒಂದು ಟ್ರ್ಯಾಕ್ಸ್ ಬಂತು. ತೊಳೆದು ಫಳಫಳ ಮಾಡಿದ ಗಾಡಿ, ಮುಂದೆ ಚೆಂಡು ಹೂವಿನ ಸರ. ಸ್ಟಿಯರಿಂಗಿನಲ್ಲಿ ಅಣ್ಣ, ಪಕ್ಕದಲ್ಲಿ ಹೊಸ ಸೀರೆ ಉಟ್ಟ ಅತ್ತಿಗೆ ದುರುಗಮ್ಮ. ಹಿಂದಿನ ಸೀಟುಗಳಲ್ಲಿ ಒಬ್ಬರೂ ಇರಲಿಲ್ಲ.

"ಅಣ್ಣಾ!" ಎಂದು ಕೂಗಿದೆ. ಬಸ್ಸಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಲಿಲ್ಲ. ಗಾಡಿ ದಾಟಿ ಹೋಯಿತು. ಪಂಚಮಿಯ ವಾರ ಅವನ ಗಾಡಿ ಖಾಲಿ ಏಕಿದೆ ಎಂದು ಹಿಂದೆ ತಿರುಗಿ ನೋಡಿದೆ. ಇಳಿಯೋಣವೆಂದರೆ ಬಾಗಿಲಿನ ತನಕ ಮಂದಿಯ ಗೋಡೆ. ಇಳಿದರೂ ಅವನು ಮಾನ್ವಿಯ ಕಡೆ ಹೋಗಿಯಾಗಿತ್ತು. ಮತ್ತೆ ಮತ್ತೆ ಫೋನು ಹಚ್ಚಿದೆ. ಗಾಡಿಯೊಳಗೆಲ್ಲೋ ಅದು ಒಂದೇ ಸಮ ಬಡಿದುಕೊಳ್ಳುತ್ತಿರಬೇಕು.

ದೇವದುರ್ಗದಲ್ಲಿ ಬಸ್ಸು ಬದಲಿಸಿ ದೊಡ್ಡಿಗೆ ಬಂದು ಇಳಿದಾಗ ಅವ್ವ ಮೊರದಲ್ಲಿ ಅಳ್ಳು ಕೇರುತ್ತ ಬಾಗಿಲಲ್ಲೇ ಕೂತಿದ್ದಳು. ನನ್ನನ್ನು ನೋಡಿ ಮೊರ ನಿಲ್ಲಿಸಿದಳು.

"ಯಾರ ಕೂಡ ಬಂದಿ?"

"ಬಸ್ಸಿಗೆ ಬಂದೆ."

"ಬಸ್ಸು ನಿನಗ ಅಣ್ಣ ಆಗ್ಬೇಕೇನು?"

ನಾನು ಹೊಸ್ತಿಲು ದಾಟಲು ಹೋದೆ. ಅವ್ವ ಮೊರ ಅಡ್ಡ ಹಿಡಿದಳು. "ಅವ ಮುಂಜಾನಿ ಗಾಡಿ ತೊಳದು, ಹೆಂಡ್ತೀನ ಕರಕೊಂಡು ನಿನ್ನ ಕರಿಯಾಕ ಹೋಗ್ಯಾನ. ಅವ ಬರೂತನ ಕಟ್ಟಿ ಮ್ಯಾಲ ಕುಂದ್ರು."

ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಚಹಾವನ್ನೂ ಹೊರಗೇ ತಂದು ಕೊಟ್ಟಳು. ನಡುವಯಸ್ಸಿನ ಹೆಂಗಸು ನಾನು, ಮಾನ್ವಿಯಲ್ಲಿ ನನ್ನ ಮಾತಿಗೆ ಎದುರಾಡುವ ಗಿರಾಕಿಗಳಿಲ್ಲ, ಇಲ್ಲಿ ತವರಿನ ಕಟ್ಟೆಯ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅದೇ ಬಸ್ಸಿನಲ್ಲಿ ಬಂದಿದ್ದ ದೊಡ್ಡಿಯ ಬೇರೆ ಹೆಣ್ಣುಮಕ್ಕಳು ಆಗಲೇ ಸೆರಗು ಕಟ್ಟಿ ಜೋಕಾಲಿ ಹತ್ತಿದ್ದರು. "ಯಾಕ ಮಾಳವ್ವ, ಹೊರಗ ಹಾಕ್ಯಾರೇನು?" ಎಂದು ಕೂಗಿ ನಗುತ್ತಿದ್ದರು. ಅವರ ಮನೆಗಳಲ್ಲಿ ಯಾರೂ ಯಾರನ್ನೂ ತಡೆದಿರಲಿಲ್ಲ. ಅಲ್ಲಿ ಕೂತಾಗ ಅವರ ಮಾತಿನಿಂದಲೇ ನನಗೆ ಎಲ್ಲ ತಿಳಿದದ್ದು: ಅಣ್ಣನಿಗೆ ಈ ವರ್ಷ ಒಂದು ಬುಕ್ಕಿಂಗೂ ಬಂದಿಲ್ಲ ಎಂಬುದು.

ಹೊತ್ತು ಇಳಿಯುವಾಗ ಗಾಡಿ ಬಂತು. ಅತ್ತಿಗೆ ಇಳಿದು ಬಂದು ನನ್ನ ಕೈ ಹಿಡಿದಳು. ಅಣ್ಣ ಇಳಿಯಲೇ ಇಲ್ಲ. ನಾನೇ ಹೋಗಿ ಗಾಡಿಯ ಬಾಗಿಲ ಹತ್ತಿರ ನಿಂತೆ.

"ನಿಮ್ಮತ್ತಿ ಮುಂದ ಕುಂತು, ಕರಿಯಾಕ ಬಂದೀನಿ ಅಂದೆ" ಎಂದ, ನನ್ನ ಕಡೆ ನೋಡದೆ. "ಬಸ್ಸಿಗೆ ಹೋದ್ಲಲ್ಲಪ್ಪಾ ಅಂದ್ರು. ನೀರ ಕುಡದು ಎದ್ದು ಬಂದೆ."

"ನೀ ಯಾವತ್ತ ಹೊತ್ತಿಗೆ ಬಂದೀ?" ನನಗೂ ಸಿಟ್ಟು ಬಂತು. ತಪ್ಪು ಮಾಡದೆ ಬೈಸಿಕೊಳ್ಳುವಾಗ ಬರುವ ಸಿಟ್ಟು. "ಊರ ಮಂದಿ ತಂಗ್ಯಾರನ್ನೆಲ್ಲ ಮುಟ್ಟಿಸಿ ನನ್ನ ಕಡೀಗೆ ಒಯ್ತಿದ್ದಿ. ಈ ಸಲನೂ ಹಂಗ ಅಂತ ತಿಳದೆ. ನಿನಗೊಂದು ಬಾಡಿಗಿ ಉಳೀಲಿ ಅಂತ ಬಂದೆ. ಬುಕ್ಕಿಂಗ್ ಅದಾವ ಅಂದಾವ ನೀನ ಅಲ್ಲೇನು?"

"ಹೂಂ, ಅಂದೆ." ಸ್ಟಿಯರಿಂಗಿನ ಮೇಲೆ ಕೈ ಇಟ್ಟೇ ಇದ್ದ. "ಈ ವರ್ಷ ಮೊದಲನೇ ಟ್ರಿಪ್ಪ ನಿಂದ ಇತ್ತು ಮಾಳಿ. ಅದೊಂದ ಟ್ರಿಪ್ಪ ಇತ್ತು."

ನನಗೆ ಅಳು ಬಂತು. ಜೋಕಾಲಿಯ ಮೇಲಿದ್ದವರು ನೋಡಿದರೆ ನೋಡಲಿ ಎಂದು ಅತ್ತುಬಿಟ್ಟೆ. ಅವನು ಸುಳ್ಳು ಹೇಳಿದ್ದಕ್ಕೋ, ನಾನು ನಂಬಿದ್ದಕ್ಕೋ, ಖಾಲಿ ಗಾಡಿಗೆ ಹೂವು ಕಟ್ಟಿದ್ದಕ್ಕೋ, ಹೇಳಲಾರೆ.

ಅವ್ವ ಬಾಗಿಲಿನಿಂದಲೇ ಕೂಗಿದಳು. "ಜಗಳ ಆಮ್ಯಾಲ ಆಡ್ರಿ. ಹೊತ್ತು ಮುಣಗೂದ್ರಾಗ ಆಕಿನ್ನ ಕರಕೊಂಡು ಬಾ."

"ಇಲ್ಲೇ ಅದಾಳಲ್ಲಬೇ."

"ಕರಕೊಂಡು ಬಾ ಅಂದ್ನಿ."

ಅತ್ತಿಗೆ ನಗುತ್ತ ನನ್ನ ಬ್ಯಾಗನ್ನು ಗಾಡಿಗೆ ಹಾಕಿ ತಾನೂ ಹತ್ತಿದಳು. ಅಣ್ಣನೇ ಮಾಡಿಸಿದ ಆ ಡಾಂಬರು ರಸ್ತೆಯಲ್ಲಿ ದೊಡ್ಡ ರಸ್ತೆಯ ತನಕ ಹೋದೆವು. ಅಲ್ಲಿ ಗಾಡಿ ತಿರುಗಿಸಿ ಒಂದು ನಿಮಿಷ ನಿಲ್ಲಿಸಿದ. ಹೊಲಗಳ ಮೇಲೆ ಮಳೆ ಸಣ್ಣಗೆ ಇಳಿಯುತ್ತಿತ್ತು. "ನಡಿ ಯವ್ವಾ, ಹಬ್ಬಕ್ಕ ಹೋಗೋಣು" ಎಂದ, ಮುಂದಿನ ಗಾಜಿನ ಕಡೆ ನೋಡುತ್ತಲೇ. ನಾನು ಹೂಂ ಎಂದೆ. ಮನೆಗೆ ಬಂದಾಗ ಅವ್ವ ಏನೂ ಆಗದವಳಂತೆ ಕಾಲಿಗೆ ನೀರು ಕೊಟ್ಟು, "ಈಗ ಬಂದ್ಯಾ?" ಎಂದಳು.

ಎಫ್‌ಸಿ ಆಗಲಿಲ್ಲ. ಹಬ್ಬ ಮುಗಿದ ಮೇಲೆ ಅಣ್ಣ ನನ್ನನ್ನು ಮಾನ್ವಿಗೆ ಬಿಟ್ಟು, ಅಲ್ಲಿಂದ ಹಾಗೇ ಗಾಡಿಯನ್ನು ರಾಯಚೂರಿಗೆ ಒಯ್ದು ಕೊಳ್ಳುವವನಿಗೆ ಒಪ್ಪಿಸಿದ. ದೊಡ್ಡಿಯಲ್ಲಿ ಈಗ ಬಸ್ಸು ಬಿಟ್ಟು ಹೋದ ಮೇಲೆ ಗಾಡಿ ಬೇಕೆಂದರೆ ಜಾಲಹಳ್ಳಿಗೆ ಫೋನು ಹಚ್ಚಬೇಕು. ಬಸ್ಸು ಹತ್ತಿದ್ದಕ್ಕೆ ನಾನು ಪಶ್ಚಾತ್ತಾಪ ಪಟ್ಟಿಲ್ಲ, ಈಗಲೂ ವಾರಕ್ಕೊಮ್ಮೆ ಹತ್ತುತ್ತೇನೆ. ಆ ಕಾಯಿದೆಯಿಂದ ನನ್ನ ಅಂಗಡಿ ಬೆಳೆಯಿತು, ಅಣ್ಣನ ಗಾಡಿ ಹೋಯಿತು. ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಎಂದು ಯಾರಾದರೂ ವಾದಕ್ಕೆ ಬಂದರೆ ಎರಡೂ ಒಬ್ಬಳೇ ತಾಯಿಯ ಮಕ್ಕಳಿಗೆ ಆಯಿತು ಎಂದಷ್ಟೇ ಹೇಳುತ್ತೇನೆ.

ಅಣ್ಣ ಸಿರವಾರದ ಒಂದು ಅಕ್ಕಿ ಗಿರಣಿಯ ಲಾರಿಗೆ ಡ್ರೈವರಾಗಿ ಸೇರಿದ. ಮರು ವರ್ಷ ಪಂಚಮಿ ಬಂದಾಗ ನಾನು ಮೊದಲೇ ಫೋನು ಮಾಡಿದೆ. "ಗಾಡಿ ಇಲ್ಲ, ರಜಾ ಕೊಡಂಗಿಲ್ಲ, ಸುಮ್ಮನ ಓಡಾಡಬ್ಯಾಡ. ನಾನೇ ಬರ್ತೀನಿ. ಅವ್ವಗೂ ಹೇಳು, ಮೊರ ಅಡ್ಡ ಹಿಡೀಬ್ಯಾಡ ಅಂತ."

ರೊಟ್ಟಿ ಹಬ್ಬದ ಹಿಂದಿನ ದಿನ ಬೆಳಿಗ್ಗೆ ನಾನಿನ್ನೂ ಜಡೆ ಹಾಕಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಬಸ್ ಸ್ಟ್ಯಾಂಡಿನಿಂದ ನಡೆದು ಬಂದಿದ್ದ. ಅತ್ತೆ ಕೊಟ್ಟ ನೀರು ಕುಡಿದು, ಚಾಪೆಯ ತುದಿಯಲ್ಲಿ ಕೂತ. "ತಂಗೀನ ಕರಿಯಾಕ ಬಂದೀನ್ರೀ ಯವ್ವಾ, ಕಳಸ್ರಿ."

ಬಸ್ಸು ತುಂಬಿತ್ತು. ನಾನು ಹೇಗೋ ನುಗ್ಗಿ ಒಬ್ಬಳ ಪಕ್ಕ ಅರ್ಧ ಸೀಟು ಹಿಡಿದೆ. ಕಂಡಕ್ಟರು ನನಗೆ ಸೊನ್ನೆಯ ಟಿಕೆಟ್ ಹರಿದುಕೊಟ್ಟ. ಅಣ್ಣ ಜೇಬಿನಿಂದ ನೋಟು ತೆಗೆದ.

"ಮುಂಜಾನಿ ಟ್ರಿಪ್ಪಿನ್ಯಾಗ ಆ ಕಡಿಂದ ಬಂದವ್ರು ನೀವ ಅಲ್ಲೇನ್ರಿ?" ಎಂದ ಕಂಡಕ್ಟರು. "ಈಗ ಹಿಂದ ಹೊಂಟೀರಿ. ಹೋಗಾಕೂ ಟಿಕೆಟ್, ಬರಾಕೂ ಟಿಕೆಟ್. ಅವ್ರು ಪುಕ್ಕಟ ಬರ್ತಾರಲ್ರೀ?"

"ಕರಿಯಾಕ ಬಂದಿದ್ದೆರಿ" ಎಂದ ಅಣ್ಣ.

ಹತ್ತಿರವಿದ್ದ ಹೆಂಗಸರು ತಿರುಗಿ ಅವನನ್ನು ನೋಡಿದರು. ನನ್ನ ಪಕ್ಕದವಳೂ ನೋಡಿದಳು. ಮಡಿಲಲ್ಲಿದ್ದ ಡಬ್ಬಿಯನ್ನು ಸರಿಮಾಡಿಕೊಂಡು, "ನಮ್ಮಣ್ಣ ಫೋನ್ ಮಾಡಿದ್ದ, ಬಾ ಅಂತ" ಎಂದಳು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿದಳು.

ಅಣ್ಣನಿಗೆ ಸೀಟು ಸಿಗಲಿಲ್ಲ. ದೇವದುರ್ಗದ ತನಕ ನಿಂತೇ ಬಂದ.